ಯಾವ ನಳಿ?

ಬಬಲೇಶ್ವರದಲ್ಲಿ ಸಂಗನಬಸವನದು ಪೈಪಿನ ಅಂಗಡಿ. ಪೈಪ್ ಕೇಳಿ ಬಂದವರನ್ನು ಅವನು ಸುಮ್ಮನೆ ಬಿಡುವವನಲ್ಲ. ಯಾವ ಪೈಪು, ಎಷ್ಟು ಇಂಚು, ಬೋರಿಗೋ ಡ್ರಿಪ್ಪಿಗೋ ಎಂದು ತಲೆ ತಿನ್ನುತ್ತಾನೆ. ಅಂಥವನು ಹೆಂಡತಿ ನಂದಾಳನ್ನು ಮಾತ್ರ ಕೇಳಲಿಲ್ಲ.

ನಂದಾಳ ಎಡ ಕಿಡ್ನಿಯ ಹರಳನ್ನು ವಿಜಯಪುರದಲ್ಲಿ ಆಪರೇಶನ್ ಮಾಡಿ ತೆಗೆದಿದ್ದರು. ಬಲಗಡೆಯದು ಹುಟ್ಟಿನಿಂದಲೇ ಕೆಲಸಕ್ಕೆ ಬಾರದ್ದು. ಆಕೆಯ ಜೀವವೆಲ್ಲ ಎಡಗಡೆಯದರ ಮೇಲೆ. ಮನೆಗೆ ಕಳಿಸುವಾಗ ಡಾಕ್ಟರು, ನಮ್ಮ ಕಡೆಯ ರೂಢಿಯಂತೆ, ರೋಗಿಯನ್ನು ಬಿಟ್ಟು ಗಂಡನನ್ನು ಕರೆದರು.

"ಕಿಡ್ನಿಯಿಂದ ಮೂತ್ರದ ಚೀಲದ ತನಕ ಒಳಗೊಂದು ನಳಿ ಇಟ್ಟೀವಿ. ತಿಂಗಳದಾಗ ಬಂದು ತೆಗಿಸ್ಕೋರಿ, ಮರೀಬ್ಯಾಡ್ರಿ."

ಅಂಥ ಜಾಗದ ಮಾತನ್ನು, ಮಗಳನ್ನು ಕರೆದೊಯ್ಯಲು ಬಂದಿದ್ದ ಅತ್ತೆಯ ಎದುರು ಎತ್ತಲು ಅವನಿಗೆ ನಾಚಿಕೆ. ನಂದಾ ಟಿಕೋಟಾದ ತವರಿಗೆ ಹೋದಳು. ತಿಂಗಳಾಗುವಾಗ ಅವನು ಅಂಗಡಿಯಿಂದಲೇ ಫೋನ್ ಮಾಡಿದ.

"ಆ ನಳಿ ತೆಗಸೂದಿತ್ತಲ್ಲ?"

"ತೆಗದಾರಲ್ರಿ," ಎಂದಳು ಆಕೆ.

ತವರಿನವರು ಕರೆದುಕೊಂಡು ಹೋಗಿರಬೇಕು ಎಂದುಕೊಂಡು ಅವನು ಫೋನ್ ಇಟ್ಟ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡದೆಯೇ ಹೋಯಿತು.

ಆಮೇಲೆ ಸೊಂಟ ನೋಯುತ್ತಲೇ ಇತ್ತು. ಕೊಯ್ದ ಜಾಗ, ನೋಯದೆ ಇರುತ್ತದೆಯೇ ಎಂದರು ಎಲ್ಲರೂ. ಆಕೆ ಮಾತ್ರೆ ನುಂಗಿಕೊಂಡು ವರ್ಷ ಕಳೆದಳು. ಒಂದು ದಿನ ಚಳಿಜ್ವರ ಬಂದು ಮೂತ್ರವೇ ನಿಂತಿತು.

ಎಕ್ಸ್‌ರೇಯಲ್ಲಿ ನಳಿ ಹಾಗೆಯೇ ಇತ್ತು. ಬೋರಿನ ಪೈಪಿಗೆ ಸುಣ್ಣ ಕಟ್ಟಿದಂತೆ ಅದರ ತುಂಬ ಹರಳು ಕಟ್ಟಿತ್ತು.

"ಇದನ್ನ ತೆಗಿಸಲೇ ಇಲ್ಲೇನ್ರಿ?" ಎಂದರು ಡಾಕ್ಟರು.

"ತೆಗಿಸೀವಲ್ರಿ ಸರ್," ಎಂದು ಸಂಗನಬಸವ ಹೆಂಡತಿಯ ಮುಖ ನೋಡಿದ.

"ಮನಿಗಿ ಕಳಸೂ ದಿನ ಸಿಸ್ಟರ್ ತೆಗದ್ರಲ್ಲ," ಎಂದಳು ನಂದಾ. "ಉಚ್ಚಿ ನಳಿ."

ಅವನು ಕೇಳಿದ್ದು ಒಳಗಿನ ನಳಿ, ಆಕೆ ಹೇಳಿದ್ದು ಉಚ್ಚಿ ಹೋಗಲು ಹೊರಗಿನಿಂದ ಹಾಕಿದ್ದ ನಳಿ ಎಂದು ಅವನಿಗೆ ಆಗ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಎರಡು ಸಲ ಆಪರೇಶನ್ ಮಾಡಿ ನಳಿಯನ್ನೇನೋ ತೆಗೆದರು. ಕಿಡ್ನಿ ಮಾತ್ರ ಮತ್ತೆ ಏಳಲಿಲ್ಲ. ಇನ್ನು ಡಯಾಲಿಸಿಸ್ಸೇ ಗತಿ, ಕುಡಿಯುವ ನೀರಿಗೂ ಅಳತೆ ಎಂದರು.

ಇದು ತಿಳಿಯದ ಅವಳ ತಾಯಿ ಗಂಗಾಬಾಯಿ ಟಿಕೋಟಾದಿಂದ ಥರ್ಮಾಸಿನ ತುಂಬ ಬಾರ್ಲಿ ನೀರು ತಂದಿದ್ದಳು. ಅಂದಿನ ಪಾಲಿನ ನೀರು ಆಗಲೇ ಮುಗಿದಿತ್ತು.

"ಯವ್ವಾ, ಒಂದ ಗುಟುಕು ಕೊಡ ಬೇ," ಎಂದು ನಂದಾ ಕೈ ಚಾಚಿದಳು. ತಾಯಿ ಅಳಿಯನ ಮುಖ ನೋಡಿದಳು. ಅವನು ಥರ್ಮಾಸ್ ಇಸಿದುಕೊಂಡ.

"ಯಾವ ನಳಿ ಅಂತ ಅವತ್ತ ಒಂದ ಮಾತ ಕೇಳಿದ್ರ ಏನಾಗ್ತಿತ್ರಿ?" ಎಂದಳು ನಂದಾ.

ಅವನು ಮೂಲೆಯ ತೊಟ್ಟಿಗೆ ಹೋಗಿ ಥರ್ಮಾಸ್ ಬಗ್ಗಿಸಿದ. ಒಣಗಿದ ತುಟಿ ಸವರಿಕೊಳ್ಳುತ್ತ ನಂದಾ ನೀರು ಬೀಳುವ ಸಪ್ಪಳ ಕೇಳುತ್ತಿದ್ದಳು.