ಮೇಷ್ಟ್ರು ಕೊಟ್ಟ ದರ್ಜೆ

‘ಅತ್ಯುತ್ತಮ ಪ್ರಯತ್ನ. ಬಣ್ಣದ ಕಡೆ ಇನ್ನಷ್ಟು ಗಮನವಿರಲಿ.’ ಹದಿನೇಳನೆಯ ಚಿತ್ರದ ಕೆಳಗೂ ಅದೇ ಷರಾ ಕಂಡಾಗ ಡ್ರಾಯಿಂಗ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಚಿತ್ರ ಬರೀ ಪೆನ್ಸಿಲಿನದು. ಅದರಲ್ಲಿ ಬಣ್ಣವನ್ನು ಯಾವ ಪುಣ್ಯಾತ್ಮ ಹುಡುಕಿದನೋ!

ಆ ಆನ್‌ಲೈನ್ ಕಲಾ ಕಾಲೇಜಿನ ಮಾನ್ಯತೆ ಮುಂದುವರಿಸಬಹುದೇ ಎಂದು ಸಂಜೆಯೊಳಗೆ ಅವರು ಸಮಿತಿಗೆ ವರದಿ ಕಳಿಸಬೇಕಿತ್ತು. ಮೂರು ವರ್ಷದ ಹಿಂದೆಯೂ ಅದನ್ನು ಪರಿಶೀಲಿಸಿದವರು ಅವರೇ. ಆಗ ಪಠ್ಯಕ್ರಮ ನೋಡಿದ್ದರು, ಅಧ್ಯಾಪಕರ ಪಟ್ಟಿ ನೋಡಿದ್ದರು. ಎಲ್ಲ ಅಚ್ಚುಕಟ್ಟಾಗಿತ್ತು. ವಿದ್ಯಾರ್ಥಿಗಳ ಒಂದೇ ಒಂದು ಚಿತ್ರ ತೆರೆಯದೆ ‘ಎ’ ದರ್ಜೆ ಬರೆದುಕೊಟ್ಟಿದ್ದರು. ಆ ದರ್ಜೆ ನಂಬಿ ಅವರ ತಂಗಿಯ ಮಗಳು ಅಲ್ಲಿಗೇ ಸೇರಿದ್ದಳು. ಈಗ ಅವಳಿಗೆ ಕೊನೆಯ ವರ್ಷ.

ಚಿತ್ರಗಳ ಮೇಲೆ ಹೆಸರಿರಲಿಲ್ಲ, ನಂಬರಿತ್ತು. ಆದರೆ ಸಣ್ಣವಳಿದ್ದಾಗ ಕೈ ಹಿಡಿದು ಗೆರೆ ಎಳೆಸಿದವರಿಗೆ ಆ ಗೆರೆ ಗೊತ್ತಾಗದೇ? ಫೋನು ಮಾಡಿ ಅವಳನ್ನು ಕರೆಸಿದರು.

"ಈ ಮೇಷ್ಟ್ರುಗಳು ಒಂದು ದಿನಾನೂ ತಿದ್ದಲಿಲ್ಲವೇನೇ?"

"ತಿದ್ದೋಕೆ ಮೊದಲು ನೋಡ್ಬೇಕಲ್ಲ ಮಾವ," ಎಂದಳು ಅವಳು, ಚೀಲವನ್ನೂ ಕೆಳಗಿಡದೆ. "ಮೊದಲನೇ ವರ್ಷ ಕಾದೆ. ಆಮೇಲೆ ನಾನೇ ಅವರಿಗೆ ಪರೀಕ್ಷೆ ಇಟ್ಟೆ. ಪ್ರತಿ ಚಿತ್ರದಲ್ಲೂ ಬೇಕಂತಲೇ ಒಂದು ತಪ್ಪು. ಆ ಬೆಂಚು ನೋಡಿ, ಮೂರೇ ಕಾಲು. ಗಡಿಯಾರದಲ್ಲಿ ಏಳು ಇಲ್ಲ. ಕೊಡೆಗೆ ಹಿಡಿ ಇಲ್ಲ."

ಮೇಷ್ಟ್ರು ಒಂದೊಂದನ್ನೇ ಮತ್ತೆ ತೆರೆದರು. ಹೌದು, ಮೂರೇ ಕಾಲು. ಬೆಳಿಗ್ಗೆ ತಾವೂ ಆ ತಪ್ಪನ್ನು ಗಮನಿಸದೆ ಮುಂದಿನ ಚಿತ್ರಕ್ಕೆ ಹೋದದ್ದು ಸಿಟ್ಟಿನಲ್ಲಿ ಅವರಿಗೆ ನೆನಪಾಗಲಿಲ್ಲ.

"ಥೂ! ಇವರಿಗೆ ಕಣ್ಣಿದೆಯೋ ಇಲ್ಲವೋ! ಇದ್ದದ್ದು ಇದ್ದ ಹಾಗೇ ಬರೀತೀನಿ. ಒಬ್ಬರೂ ನೋಡಲಿಲ್ಲ ಅಂತ ಬರೀತೀನಿ." ಅಷ್ಟರಲ್ಲಿ ದನಿ ಇಳಿಯಿತು. "ಆದ್ರೆ ಮಾನ್ಯತೆ ಹೋದ್ರೆ ನಿನ್ನ ಪದವಿಗೆ ಬೆಲೆ ಇರಲ್ವಲ್ಲೇ."

"ಈಗ ಎಷ್ಟಿದೆ?"

ಮೇಷ್ಟ್ರು ವರದಿ ತೆರೆದು ಮುಂದಿಟ್ಟುಕೊಂಡರು.

"ಬರೀರಿ ಮಾವ. ಒಬ್ಬರೂ ನೋಡಲಿಲ್ಲ ಅಂತಲೇ ಬರೀರಿ. ನಿಮ್ಮ ಹೆಸರೂ ಸೇರಿಸಿ." ಅವಳು ಅವರ ಬೆನ್ನ ಹಿಂದಿನ ಗೋಡೆಯತ್ತ ಒಮ್ಮೆ ನೋಡಿ, ಮೆಟ್ಟಿಲಿಳಿದು ಹೋದಳು.

ಗೋಡೆಯ ಮೇಲೆ ಅವಳದೇ ಚಿತ್ರವಿತ್ತು. ಅವಳ ಅಮ್ಮ ಮಷೀನಿನಲ್ಲಿ ಬಟ್ಟೆ ಹೊಲಿಯುತ್ತ ಕೂತಿರುವುದು. ಹೋದ ವರ್ಷ ಅವಳು ತಂದುಕೊಟ್ಟಾಗ ಮೇಷ್ಟ್ರು "ಭೇಷ್!" ಎಂದು ಬೆನ್ನು ತಟ್ಟಿದ್ದರು, ಕಟ್ಟು ಹಾಕಿಸಿದ್ದರು, ಬಂದವರಿಗೆಲ್ಲ "ನನ್ನ ಗರಡಿಯಲ್ಲಿ ಪಳಗಿದ ಕೈ" ಎಂದು ತೋರಿಸಿ ಬೀಗಿದ್ದರು.

ಈಗ ಅದನ್ನು ಇಳಿಸಿ ಕಿಟಕಿಯ ಬೆಳಕಿಗೆ ಒಯ್ದರು. ರೀಲಿನಿಂದ ಹೊರಟ ದಾರ ಕೊಕ್ಕೆಗಳನ್ನೆಲ್ಲ ಸರಿಯಾಗಿ ದಾಟಿ ಕೆಳಗಿಳಿದಿತ್ತು. ಸೂಜಿ ಇರಬೇಕಾದ ಕಡೆ ಬರೀ ಬಿಳಿ ಕಾಗದ. ತಂಗಿ ಎರಡೂ ಕೈಯಲ್ಲಿ ಬಟ್ಟೆ ಒತ್ತಿ ಹಿಡಿದು, ತಲೆ ತಗ್ಗಿಸಿ, ಮಷೀನು ತುಳಿಯುತ್ತಲೇ ಇದ್ದಳು.