ನೀಲಿಯಾದ ನೀರು

ಬರೀ ನೀರಿಗೆ ಅಯೋಡಿನ್ ಹಾಕಿದರೆ ನೀಲಿಯಾಗುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಈ ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಟ್ಯೂಬು ತೊಳೆದು, ದ್ರಾವಣ ಬೆರೆಸಿ, ಬಾಟಲಿಗೆ ಚೀಟಿ ಅಂಟಿಸುತ್ತ ಬಂದವಳು ನಾನು, ಅಷ್ಟು ನನಗೂ ಗೊತ್ತು. ಆದರೂ ಮೊನ್ನೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಹನ್ನೆರಡು ವಿದ್ಯಾರ್ಥಿಗಳ ಹನ್ನೆರಡು ಟ್ಯೂಬಿನ ನೀರೂ ನೀಲಿಯಾಯಿತು.

ಪ್ರಯೋಗ ಸುಲಭದ್ದೇ. ಒಂದು ಟ್ಯೂಬಿನಲ್ಲಿ ಪಿಷ್ಟ, ಒಂದರಲ್ಲಿ ಮೊಟ್ಟೆಯ ಬಿಳಿ, ಒಂದರಲ್ಲಿ ಬರೀ ನೀರು. ಮೂರಕ್ಕೂ ಎರಡೆರಡು ಹನಿ ಅಯೋಡಿನ್. ಸಕ್ಕರೆಯ ಪುಟ್ಟ ಅಣುಗಳು ಸಾಲಾಗಿ ಕೈಕೈ ಹಿಡಿದು ಸುರುಳಿ ಸುತ್ತಿಕೊಂಡರೆ ಪಿಷ್ಟ. ಆ ಸುರುಳಿಯೊಳಗೆ ಅಯೋಡಿನ್ ಹೊಕ್ಕರೆ ಕಡುನೀಲಿ. ಮೊಟ್ಟೆಯ ಪ್ರೋಟೀನೂ ದೊಡ್ಡ ಅಣುವೇ, ಆದರೆ ಅದರ ಕಟ್ಟೋಣವೇ ಬೇರೆ, ಅಲ್ಲಿ ನೀಲಿ ಬರಬಾರದು. ಬಾಗಿಲ ಬಳಿ ನಿಂತು ಹತ್ತೊಂಬತ್ತು ಸಲ ಕೇಳಿದ ಪಾಠ ಇದು. ಅವತ್ತು ಮೂರೂ ನೀಲಿ.

ಹನ್ನೊಂದು ಮಂದಿ ಜಾಣರು ಪುಸ್ತಕದಲ್ಲಿದ್ದಂತೆ 'ನೀರಿನಲ್ಲಿ ಬದಲಾವಣೆ ಇಲ್ಲ' ಎಂದು ಬರೆದರು. ಗುಬ್ಬಚ್ಚಿ ಎಂದು ಎಲ್ಲರೂ ಕರೆಯುವ ಹುಡುಗಿಯೊಬ್ಬಳು ಮಾತ್ರ 'ನೀರೂ ನೀಲಿಯಾಯಿತು, ಕಾರಣ ತಿಳಿಯಲಿಲ್ಲ' ಎಂದು ಬರೆದಳು. ಅದನ್ನು ಓದಿದ ಹೊರಗಿನ ಪರೀಕ್ಷಕಿ ನಮ್ಮ ಮುಖ್ಯಸ್ಥರನ್ನು ಕರೆದು, "ಇದೇನು?" ಎಂದರು.

ಮುಖ್ಯಸ್ಥರಿಗೆ ಹುಡುಗರು ಇಟ್ಟ ಹೆಸರು ಇಸ್ತ್ರಿ ಸರ್. ಅವರ ಕೋಟಿನ ಮೇಲೆ ನೊಣ ಕೂತರೂ ಜಾರಬೇಕು. ಅವರು ಟ್ಯೂಬನ್ನೂ ನೋಡಲಿಲ್ಲ, ಬಾಟಲಿಯನ್ನೂ ನೋಡಲಿಲ್ಲ, ನೇರ ನನ್ನ ಮೇಲೆ ಗೂಬೆ ಕೂರಿಸಿದರು.

"ಪಿಷ್ಟ ಕಲಸಿದ ಕಡ್ಡಿನೇ ಎಲ್ಲಾ ಬಾಟಲಿಗೂ ಅದ್ದಿದ್ದಾಳೆ ಮೇಡಂ. ಬರೆಸ್ಕೊಳ್ತೀನಿ." ನನ್ನ ಕಡೆ ತಿರುಗಿ, "ಮಧ್ಯಾಹ್ನ ಬಂದು ತಪ್ಪೊಪ್ಪಿಗೆಗೆ ಸಹಿ ಹಾಕಮ್ಮ. ಇಲ್ಲಾಂದ್ರೆ ನಾಳೆಯಿಂದ ಗೋದಾಮಿಗೆ ಹೋಗು" ಎಂದರು.

ಮೈಯೆಲ್ಲ ಉರಿದುಹೋಯಿತು. ಒಂದು ಬಾಟಲಿಗೆ ಒಂದೇ ಕಡ್ಡಿ ಎನ್ನುವುದು ನಾನು ಹೊಸಬರಿಗೆ ಹೇಳಿಕೊಡುವ ಮೊದಲ ಮಾತು. ಗೋದಾಮಿಗಾದರೂ ಹೋದೇನು, ಮಾಡದ ತಪ್ಪು ಹೊತ್ತು ಹೋಗಲಾರೆ.

ಸಿಟ್ಟಿನಲ್ಲೇ ಮೇಜು ಒರೆಸತೊಡಗಿದೆ. ಚೆಲ್ಲಿದ್ದ ಅಯೋಡಿನ್ ಮೇಲೆ ಬಟ್ಟೆ ಆಡಿಸಿದ್ದೇ ತಡ, ಬಿಳಿ ಬಟ್ಟೆ ಕಪ್ಪುನೀಲಿಗೆ ತಿರುಗಿತು. ಕೈ ಅಲ್ಲೇ ನಿಂತಿತು.

ಹೋದ ವಾರ ಇಸ್ತ್ರಿ ಸರ್ ಹೊಸ ಅಪ್ಪಣೆ ಹೊರಡಿಸಿದ್ದರು: ಪರೀಕ್ಷಕರು ಬರುತ್ತಾರೆ, ಲ್ಯಾಬಿನ ಬಟ್ಟೆಗಳೆಲ್ಲ ಗಂಜಿ ಹಾಕಿ ಗರಿಗರಿಯಾಗಿರಬೇಕು. ನಾನು ಮನೆಗೆ ಒಯ್ದೆ, ನಮ್ಮತ್ತೆ ಗಂಜಿ ಹಾಕಿಕೊಟ್ಟರು. ಅತ್ತೆ ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ, ಬಟ್ಟೆ ಹಪ್ಪಳದಂತೆ ನಿಂತಿತ್ತು. ಅದನ್ನೇ ಕೋಲಿಗೆ ಸುತ್ತಿ ಒದ್ದೆ ಟ್ಯೂಬುಗಳ ಒಳಗೆಲ್ಲ ಒರೆಸಿದವಳು ನಾನೇ. ಗಂಜಿ ಎಂದರೆ ಪಿಷ್ಟವಲ್ಲದೆ ಇನ್ನೇನು!

ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಮಧ್ಯಾಹ್ನ ಮೂರು ಹೊಸ ಟ್ಯೂಬು, ಬೆಳಗಿನದೇ ನೀರಿನ ಬಾಟಲಿ, ಅದೇ ಅಯೋಡಿನ್, ಡ್ರಾಪರು, ಎರಡು ಬಟ್ಟೆ ಹಿಡಿದು ಮುಖ್ಯಸ್ಥರ ಕೋಣೆಗೆ ನುಗ್ಗಿದೆ. ಪರೀಕ್ಷಕಿ ಅಲ್ಲೇ ಕೂತು ಅಂಕ ಹಾಕುತ್ತಿದ್ದರು. ಮೇಜಿನ ಮೇಲೆ ನನ್ನ ತಪ್ಪೊಪ್ಪಿಗೆ ಅಚ್ಚಾಗಿ ಸಿದ್ಧವಾಗಿತ್ತು.

"ಮೇಡಂ, ಐದು ನಿಮಿಷ ಕೊಡಿ. ಮೂರನ್ನೂ ತೊಳ್ದಿದೀನಿ. ಒಂದನ್ನ ಒರೆಸಲ್ಲ. ಒಂದನ್ನ ಗಂಜಿ ಇಲ್ದಿರೋ ಹಳೇ ಬಟ್ಟೇಲಿ ಒರೆಸ್ತೀನಿ. ಇನ್ನೊಂದನ್ನ ಸರ್ ಹೇಳಿ ಗಂಜಿ ಹಾಕ್ಸಿದ ಬಟ್ಟೇಲಿ. ನೀರು ಒಂದೇ, ಅಯೋಡಿನ್ ಒಂದೇ, ಒರೆಸೋದು ಮಾತ್ರ ಬೇರೆ. ಮೂರನೇದೊಂದೇ ನೀಲಿ ಆಗ್ಬೇಕು. ಮೂರೂ ಆದ್ರೆ ನೀರಿಂದೇ ತಪ್ಪು, ಆಗ ಸಹಿ ಹಾಕ್ತೀನಿ."

"ಇದೆಲ್ಲ ನಿನಗ್ಯಾಕಮ್ಮ?" ಎಂದರು ಇಸ್ತ್ರಿ ಸರ್.

"ಮಾಡಿ," ಎಂದರು ಪರೀಕ್ಷಕಿ.

ಮೊದಲನೆಯದು ತಿಳಿ ಹಳದಿ. ಎರಡನೆಯದೂ ಹಾಗೇ. ಮೂರನೆಯದರ ಮೇಲೆ ಡ್ರಾಪರು ಹಿಡಿದೆ. ಹನಿ ಬಿತ್ತು, ನೀಲಿ ಹರಡಿತು.

"ಕಾಕತಾಳೀಯ," ಎಂದರು ಇಸ್ತ್ರಿ ಸರ್.

ಇನ್ನೂ ಎರಡು ಸಲ ಮಾಡಿ ತೋರಿಸಿದೆ. ಎರಡು ಸಲವೂ ಅದೇ. ಪರೀಕ್ಷಕಿ ಗುಬ್ಬಚ್ಚಿಯ ಉತ್ತರಪತ್ರಿಕೆ ಎಳೆದುಕೊಂಡು, ಕೆಂಪು ಗೀಟು ಹೊಡೆದಿದ್ದಲ್ಲಿ ಪೂರ್ತಿ ಅಂಕ ಹಾಕಿದರು. ಅಷ್ಟಾದರೂ ಇಸ್ತ್ರಿ ಸರ್ ಅವರದು ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ. ಹಾಳೆಯನ್ನು ನನ್ನತ್ತ ತಳ್ಳಿದರು.

"ಅದೇನೇ ಇರ್ಲಿ, ಫೈಲಿಗೆ ಒಂದು ಕಾರಣ ಬೇಕು. ಸುಮ್ನೆ ಸಹಿ ಹಾಕು."

'ಪಿಷ್ಟದ ಕಡ್ಡಿಯನ್ನು ಎಲ್ಲ ಬಾಟಲಿಗೂ ಅದ್ದಿದವಳು ನಾನೇ' ಎಂದು ಬರೆದಿತ್ತು. ಓದಿದೆ. ಪೆನ್ನು ಮುಟ್ಟಲಿಲ್ಲ. ಸಹಿಯ ಜಾಗದಲ್ಲಿ ಡ್ರಾಪರಿನಿಂದ ಒಂದು ಹನಿ ಅಯೋಡಿನ್ ಬಿಟ್ಟೆ. ಹಾಳೆ ನಯವಾಗಲೆಂದು ಕಾರ್ಖಾನೆಯವರೂ ಪಿಷ್ಟ ಹಾಕಿರುತ್ತಾರೆ, ಇದೂ ಬಾಗಿಲ ಬಳಿ ಕೇಳಿದ ಪಾಠವೇ. ಹನಿ ಇದ್ದಲ್ಲೇ ಕಪ್ಪುನೀಲಿಯಾಯಿತು.

"ಈ ಹಾಳೆಗೂ ನಾನೇ ಕಡ್ಡಿ ಅದ್ದಿದ್ನಾ ಸರ್?"

ಪರೀಕ್ಷಕಿ ನಕ್ಕುಬಿಟ್ಟರು.

"ಬೇಕಾದ್ರೆ ಇನ್ನೊಂದು ಹಾಳೆ ಅಚ್ಚು ಹಾಕ್ಸಿ," ಎಂದೆ. "ಡ್ರಾಪರಲ್ಲಿ ಇನ್ನೂ ಇದೆ."