ಹದಿನಾಲ್ಕನೇ ವಾರ್ಡಿನ ಅರ್ಜಿಗಳು

ಮೂರನೇ ಮಹಡಿಯಲ್ಲಿ ಎಲ್ಲರೂ ಟೀ ಕುಡಿಯುತ್ತಿದ್ದರು. ಅವಳು ಮಾತ್ರ ಒಂದೇ ಹಾಳೆಯನ್ನು ಐದನೇ ಸಲ ನೋಡುತ್ತಿದ್ದಳು. ಅವಳು ಆರೋಗ್ಯ ಇಲಾಖೆಯ ಅರ್ಥಶಾಸ್ತ್ರಜ್ಞೆ. ವಯಸ್ಸಾದವರ, ಕೈಲಾಗದವರ ಮನೆಗೆ ಹೋಗಿ ಆರೈಕೆ ಮಾಡುವ ಸಹಾಯಕಿಯರನ್ನು ಯಾವ ವಾರ್ಡಿಗೆ ಎಷ್ಟು ಗಂಟೆ ಕಳಿಸಬೇಕು ಎಂದು ಲೆಕ್ಕ ಹಾಕಿ ಹೇಳುವುದು ಅವಳ ಕೆಲಸ. ಯಾವ ಅಂಕಿಯನ್ನೂ ಸುಲಭಕ್ಕೆ ನಂಬದವಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಗುಮಾನಿ ಮೇಡಂ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಆರೈಕೆಗೆ ಸಲ್ಲಿಸುವ ಅರ್ಜಿಯಲ್ಲಿದ್ದ ‘ನೀವೇ ಸ್ನಾನ ಮಾಡಿಕೊಳ್ಳಬಲ್ಲಿರಾ?’ ಎಂಬ ಪ್ರಶ್ನೆಗೆ ಊರಿನ ಬೇರೆಲ್ಲ ವಾರ್ಡುಗಳಲ್ಲಿ ಹತ್ತರಲ್ಲಿ ಇಬ್ಬರು ‘ಇಲ್ಲ’ ಎಂದಿದ್ದರು. ಹದಿನಾಲ್ಕನೇ ವಾರ್ಡಿನಲ್ಲಿ ಎಂಟು ಜನ. ಅರ್ಜಿಗಳನ್ನು ತರಿಸಿ ನೋಡಿದರೆ ಎಲ್ಲದರಲ್ಲೂ ಒಂದೇ ಕೈಬರಹ, ಬಾಲ ಉದ್ದವಾದ ಒಂದೇ ಬಗೆಯ ಟಿಕ್ ಗುರುತು.

“ಯಾರೋ ದಲ್ಲಾಳಿ ಕೂತಿದ್ದಾನೆ,” ಎಂದರು ನಿರ್ದೇಶಕರು. “ಗುರುವಾರ ಸಮಿತಿ ಸೇರುತ್ತೆ. ಈ ವಾರ್ಡಿನ ಗಂಟೆಗಳನ್ನ ಕಡಿಮೆ ಮಾಡೋಕೆ ಒಂದು ಟಿಪ್ಪಣಿ ಬರೆದುಬಿಡಿ.”

ಬರೆಯುವ ಮೊದಲು ಕಣ್ಣಾರೆ ನೋಡಿ ಬರುತ್ತೇನೆ ಎಂದು ಹೇಳಿ ಅವಳು ಮರುದಿನ ಯಾರಿಗೂ ತಿಳಿಸದೆ ಬಸ್ಸು ಹತ್ತಿದಳು.

ಅಲ್ಲಿ ಅರ್ಜಿಯ ಮಾತೆತ್ತಿದರೆ ಜನ ಮುಖ ತಿರುಗಿಸಿದರು. ಕೊನೆಗೆ ಔಷಧಿ ಅಂಗಡಿಯವನು ಅವಳ ಚಪ್ಪಲಿಯಿಂದ ಕನ್ನಡಕದವರೆಗೆ ಒಮ್ಮೆ ಅಳೆದು ನೋಡಿ, ಎದುರಿನ ದರ್ಜಿ ಅಂಗಡಿಯತ್ತ ಗದ್ದ ತೋರಿಸಿದ.

ದರ್ಜಿ ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ಅಳತೆ ಪಟ್ಟಿ. ತನ್ನ ತಾಯಿಗೆ ಅರ್ಜಿ ತುಂಬಿಸಬೇಕಿತ್ತು ಎಂದು ಇವಳು ಶುರು ಮಾಡಿದಳು. ತಾಯಿಗೆ ಯಾವ ಕಾಲು ನೋವು, ಮೆಟ್ಟಿಲು ಹತ್ತುವಾಗ ಯಾವ ಕೈಯಲ್ಲಿ ಕಂಬಿ ಹಿಡಿಯುತ್ತಾರೆ ಎಂದು ದರ್ಜಿ ಕೇಳಿದಳು. ಇವಳು ಒಮ್ಮೆ ಎಡ ಎಂದಳು, ಇನ್ನೊಮ್ಮೆ ಬಲ ಎಂದಳು. ದರ್ಜಿ ಮಿಷನ್ ನಿಲ್ಲಿಸಿದಳು.

“ನಿಮಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ. ಯಾವ ಆಫೀಸು?”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಇವಳು ಗುರುತಿನ ಚೀಟಿ ತೋರಿಸಿ, ಒಂದು ಅರ್ಜಿಗೆ ಎಷ್ಟು ತಗೊಳ್ತೀರಿ ಎಂದು ನೇರವಾಗಿ ಕೇಳಿದಳು. ಬಟ್ಟೆ ಹೊಲಿದದ್ದಕ್ಕೆ ತಗೊಳ್ತೀನಿ, ಬರೆದದ್ದಕ್ಕೆ ಯಾಕೆ ತಗೊಳ್ಳಲಿ ಎಂದಳು ದರ್ಜಿ. ಇವಳು ನಂಬಲಿಲ್ಲ. ಬಿಟ್ಟಿಯಾಗಿ ಇಷ್ಟೊಂದು ಮೈಮೇಲೆ ಹಾಕಿಕೊಳ್ಳುವವರನ್ನು ಅವಳು ಕಂಡಿರಲಿಲ್ಲ. ಯಾವುದಾದರೂ ಒಂದು ಅರ್ಜಿಯವರ ಮನೆ ತೋರಿಸಿ ಎಂದು ಪಟ್ಟು ಹಿಡಿದಳು. ದರ್ಜಿ ಅಂಗಡಿಗೆ ಬೀಗ ಹಾಕಿದಳು.

ಪಕ್ಕದ ಕಟ್ಟಡದ ಎರಡನೇ ಮಹಡಿಯಲ್ಲಿ ಬಸ್ ಕಂಡಕ್ಟರಾಗಿ ನಿವೃತ್ತರಾದ ಒಬ್ಬ ಮುದುಕರಿದ್ದರು. ಬಾಚಿದ ತಲೆ, ಇಸ್ತ್ರಿ ಮಾಡಿದ ಅಂಗಿ. ಬಂದವರಿಗೆ ಕುರ್ಚಿ ತೋರಿಸಿ ತಾವು ನಿಂತೇ ಇದ್ದರು. ಇವಳು ಅರ್ಜಿಯಲ್ಲಿದ್ದ ಪ್ರಶ್ನೆಯನ್ನೇ ಅಕ್ಷರ ಬಿಡದೆ ಕೇಳಿದಳು.

“ಮಾಡ್ಕೋತೀನಮ್ಮ, ದಿನಾ,” ಎಂದರು ಮುದುಕರು. “ಇಲ್ಲಿವರೆಗೂ ಯಾರ ಹಂಗೂ ಇಲ್ಲ.”

ಇವಳು ದರ್ಜಿಯ ಕಡೆ ತಿರುಗಿದಳು. ಅದೇ ಮನುಷ್ಯನ ಅರ್ಜಿಯಲ್ಲಿ ‘ಇಲ್ಲ’ ಎಂಬುದರ ಮುಂದೆ ಬಾಲ ಉದ್ದದ ಗುರುತಿತ್ತು. ಕಳ್ಳತನ ಕೈಗೆ ಸಿಕ್ಕಿತು ಅಂದುಕೊಂಡಳು. ದರ್ಜಿ ಮಾತ್ರ ಬೆವರಲೂ ಇಲ್ಲ, ತಡವರಿಸಲೂ ಇಲ್ಲ. ಕೈ ತೊಳೆಯಬೇಕಿದ್ದರೆ ಬಚ್ಚಲು ಆ ಕಡೆ ಇದೆ ಎಂದಳು ಅಷ್ಟೆ.

ಬಚ್ಚಲಿನ ನೆಲ ಒಣಗಿ ಬಿರುಕು ಬಿಟ್ಟಿತ್ತು. ನಲ್ಲಿಗೂ ಗೋಡೆಗೂ ನಡುವೆ ಜೇಡ ಬಲೆ ಕಟ್ಟಿತ್ತು. ಬಕೆಟ್ಟಿನಲ್ಲಿ ನೀರಿರಲಿಲ್ಲ, ಹಳೆಯ ಪತ್ರಿಕೆಗಳನ್ನು ಅಂದವಾಗಿ ಮಡಚಿ ಜೋಡಿಸಿದ್ದರು. ಅವಳು ಹೊರಗೆ ಬಂದಾಗ ಮುದುಕರು ಕಿಟಕಿಯ ಕಡೆ ಮುಖ ಮಾಡಿದ್ದರು.

“ಒಂದ್ಸಲ ಜಾರಿ ಬಿದ್ದೆ,” ಎಂದರು. “ಆಮೇಲೆ ಒದ್ದೆ ಬಟ್ಟೇಲಿ ಒರೆಸ್ಕೋತೀನಿ, ಕೈಗೆ ಸಿಕ್ಕಷ್ಟು.” ಇತ್ತ ತಿರುಗಿ, “ಇದನ್ನೆಲ್ಲ ಬರ್ಕೋಬೇಡಮ್ಮ,” ಎಂದರು.

ಮೆಟ್ಟಿಲಿಳಿಯುವಾಗ ಇವಳು ಕೇಳಿದಳು, “ಅವರು ಹೇಳದಿದ್ದನ್ನ ನೀವು ಬರೆದಿದ್ದೀರಿ. ಅದು ತಪ್ಪಲ್ವಾ?”

“ತಪ್ಪೇ. ಹಿಡ್ಕೊಂಡು ಹೋಗೋದಾದ್ರೆ ಹೋಗಿ,” ಎಂದಳು ದರ್ಜಿ. “ನಾನು ‘ಇಲ್ಲ’ ಅಂತ ಬರೀಲಾ ಅಂತ ಕೇಳ್ತೀನಿ. ಅವರು ಗೋಡೆ ನೋಡ್ತಾರೆ. ಬರೀತೀನಿ, ರುಜು ಹಾಕ್ತಾರೆ. ಬಾಯಿಬಿಟ್ಟು ಹೇಳೋ ಮಾತೇ ಅದು?”

“ನಿಮಗೆ ಹೇಗೆ ಗೊತ್ತಾಗುತ್ತೆ?”

“ಅಳತೆ ತಗೊಳ್ಳೋವಾಗ ಕೈ ಎತ್ತಿ ಅಂತೀನಲ್ಲ. ಎತ್ತಲ್ಲ. ಗುಂಡಿ ತೆಗೆದು ಅಂಟುಪಟ್ಟಿ ಹಾಕ್ಕೊಡು ಅಂತಾರೆ, ಅದೇನೋ ಹೊಸ ಫ್ಯಾಷನ್ ಅನ್ನೋ ಹಾಗೆ. ಗುಂಡಿ ಹಾಕ್ಕೊಳ್ಳೋಕಾಗದವರು ತಲೆ ಮೇಲೆ ನೀರು ಹುಯ್ಕೋತಾರಾ?” ಅಂಗಡಿಯ ಬೀಗ ತೆಗೆಯುತ್ತ ದರ್ಜಿ ಹೇಳಿದಳು: “ನಿಮ್ಮ ಕೈಲಾಗುತ್ತಾ ಅಂತ ಕೇಳಿದ್ರೆ ಯಾರು ಮೇಡಂ ಆಗಲ್ಲ ಅಂತಾರೆ? ಆ ಪ್ರಶ್ನೆ ಬರೆದವರು ಯಾರ ಮುಂದೂ ಬಟ್ಟೆ ಬಿಚ್ಚಿ ನಿಂತವರಲ್ಲ ಬಿಡಿ.”

ಪ್ರಶ್ನೆ ಬರೆದವಳು ತಾನೇ ಎಂದು ಹೇಳಲು ಇವಳ ಬಾಯಿ ಬರಲಿಲ್ಲ. ಆರು ವರ್ಷದ ಹಿಂದೆ, ಆಫೀಸಿನ ಆ ಮೂರನೇ ಮಹಡಿಯಲ್ಲಿ, ಅರ್ಧ ಗಂಟೆಯಲ್ಲಿ ಬರೆದದ್ದು.

ಬಸ್ಸಿನಲ್ಲಿ ಕೂತಾಗ ಗುಮಾನಿ ಬೇರೆ ದಾರಿ ಹಿಡಿಯಿತು. ಹದಿನಾಲ್ಕನೇ ವಾರ್ಡಿನ ಅಂಕಿ ನಿಜವಾದರೆ ಉಳಿದವು ಏನು? ಮರುದಿನ ಅವಳು ಇಡೀ ಊರಿನಲ್ಲೇ ಅತಿ ಕಡಿಮೆ ನೆರವು ಬೇಕೆಂದಿದ್ದ ಮೂರನೇ ವಾರ್ಡಿಗೆ ಹೋದಳು. ಐದು ಬಾಗಿಲು ತಟ್ಟಿದಳು. ಐದೂ ಕಡೆ ‘ಎಲ್ಲಾ ನಾವೇ ಮಾಡ್ಕೋತೀವಿ’ ಎಂಬ ಉತ್ತರ. ಆಮೇಲೆ ಅವಳು ಕುಡಿಯಲು ನೀರು ಕೇಳಿದಳು. ಮೂರು ಮನೆಗಳಲ್ಲಿ ಮನೆಯವರ ಕೈ ಕಪಾಟಿನ ಲೋಟಕ್ಕೆ ಎಟುಕಲಿಲ್ಲ. ಒಬ್ಬ ಅಜ್ಜಿ ಲೋಟ ಹುಡುಕುವ ನೆಪದಲ್ಲಿ ಅಡುಗೆಮನೆಯಲ್ಲೇ ನಿಂತುಬಿಟ್ಟರು, ಇವಳೇ ಹೋಗಿ ಕರೆತರುವವರೆಗೂ.

ತಪ್ಪಿರುವುದು ಪ್ರಶ್ನೆಯಲ್ಲೇ ಎಂಬ ಅವಳ ಟಿಪ್ಪಣಿ ಓದಿ ನಿರ್ದೇಶಕರು ಕನ್ನಡಕ ತೆಗೆದರು. ಇದು ಆರು ವರ್ಷದ ಎಲ್ಲ ವರದಿಗಳನ್ನೂ ಬುಡಮೇಲು ಮಾಡುತ್ತದೆ, ದಲ್ಲಾಳಿ ಎಂದು ಬರೆದರೆ ಎಲ್ಲರಿಗೂ ಸಲೀಸು ಎಂದರು. ಬೈಯಲಿಲ್ಲ. ಅವರಿಗೆ ಇವಳ ಮೇಲೆ ಅಕ್ಕರೆಯೇ ಇತ್ತು.

“ನಿಮ್ಮ ಬಡ್ತಿ ಕಡತ ಮೇಜಿನ ಮೇಲಿದೆ. ಯೋಚನೆ ಮಾಡಿ.”

“ಮಾಡಿದೆ ಸಾರ್.”

ಗುರುವಾರ ಸಮಿತಿಯಲ್ಲಿ ಅವಳು ಟಿಪ್ಪಣಿ ಓದಿದಳು. ಒಬ್ಬ ಹಿರಿಯ ಸದಸ್ಯರು ಹಾಳೆ ತಿರುವುತ್ತ, ಇಷ್ಟು ಜನ ಬಾಯಿ ಮುಚ್ಚಿಕೊಂಡಿರುವಂಥ ಪ್ರಶ್ನೆಯನ್ನು ಬರೆದ ಬುದ್ಧಿವಂತರು ಯಾರು ಎಂದು ಕೇಳಿದರು. ನಿರ್ದೇಶಕರು ಮೇಜು ನೋಡಿದರು.

“ನಾನೇ,” ಎಂದಳು.

ಗಂಟೆಗಳ ಕಡಿತ ಮುಂದಕ್ಕೆ ಹೋಯಿತು, ಹೊಸ ಪ್ರಶ್ನೆಗಳಿಟ್ಟು ಅರ್ಜಿಗಳನ್ನು ಮತ್ತೆ ತುಂಬಿಸಲಿ ಎಂದು. ಬಡ್ತಿಯ ಕಡತವೂ ಮುಂದಕ್ಕೆ ಹೋಯಿತು.

ಹೊಸ ಪ್ರಶ್ನೆಗಳನ್ನು ಬರೆಯುವ ಮುನ್ನ ಅವಳು ಮೂರು ದಿನ ದರ್ಜಿ ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಮೊದಲ ದಿನ ದರ್ಜಿ ಅವಳ ಜೊತೆ ಸರಿಯಾಗಿ ಮಾತಾಡಲೇ ಇಲ್ಲ. ಎರಡನೇ ದಿನ, ಪ್ರಶ್ನೆ ಬರೆದವಳು ತಾನೇ ಎಂದು ಇವಳು ಹೇಳಿದಾಗ, ಜೋರಾಗಿ ನಕ್ಕಳು, ಆಮೇಲೆ ಟೀ ತರಿಸಿದಳು. ಮೂರನೇ ದಿನ ಒಬ್ಬ ಗಿರಾಕಿ ಬಂದು, ಹೊಲಿದಿಟ್ಟ ಕೋಟು ಹಾಕಿ ನೋಡಲು ಹೋದ. ಒಂದು ಕೈ ತೋಳಿಗೆ ಹೋಯಿತು, ಇನ್ನೊಂದು ಹಿಂದಕ್ಕೆ ಹೋಗದೆ ಗಾಳಿಯಲ್ಲಿ ನಿಂತಿತು. ಮನೇಲೇ ಹಾಕಿ ನೋಡ್ತೀನಿ ಎಂದು ಆತ ನಗುತ್ತ ಹೇಳತೊಡಗಿದ.

ಅವಳು ಏನೂ ಕೇಳಲಿಲ್ಲ. ಎದ್ದು ಹೋಗಿ, ಆತನ ಹಿಂದೆ ನಿಂತು, ಕೋಟಿನ ತೋಳನ್ನು ಕೈ ಇದ್ದ ಕಡೆಗೇ ತಗ್ಗಿಸಿ ಹಿಡಿದಳು.